ರೇಡಿಯೋದಿಂದ ಹಾರಿಸುವ ಮಾದರಿ ವಿಮಾನದ 20 ಸಿಸಿ ಪೆಟ್ರೋಲ್ ಇಂಜಿನ್: ರೇಸ್ ಕೊಟ್ಟ ತಕ್ಷಣ ನಿಂತುಹೋಗುತ್ತದೆ, ನೀಡಲ್ ತಿರುಗಿಸಿ ತಿರುಗಿಸಿ ಸಾಕಾಯಿತು

ಹೊಲದ_ಪೈಲಟ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ಏಳೆಂಟು ವರ್ಷ ಗ್ಲೋ ಇಂಜಿನ್ (ಮೆಥನಾಲ್‌ನಲ್ಲಿ ಓಡುವ, ಬಿಸಿ ತಂತಿಯ ಪ್ಲಗ್ ಇರುವುದು) ಹಾರಿಸಿದವನು ನಾನು. ಮೆಥನಾಲ್, ನೈಟ್ರೋ ಹುಡುಕಿ ಸುಸ್ತಾಗಿ, ಪ್ರತಿ ಸಲ ಹಾರಿಸಿದ ಮೇಲೆ ವಿಮಾನದ ಮೈಯೆಲ್ಲ ಎಣ್ಣೆ ಒರೆಸಿ ಬೇಜಾರಾಗಿ, ಈ ವರ್ಷ ಪೆಟ್ರೋಲ್‌ಗೆ ಬಂದೆ. ಒಂದು ಲೀಟರ್ ತಂದರೆ ಐದಾರು ಸಲ ಹಾರಿಸಬಹುದು ಅನ್ನೋ ಆಸೆ. ಈಗ ಅನ್ನಿಸುತ್ತಿದೆ, ಗ್ಲೋನೇ ವಾಸಿಯಿತ್ತು ಅಂತ.

ಇಂಜಿನ್ 20 ಸಿಸಿ, ಟೂ ಸ್ಟ್ರೋಕ್, ಸೆಕೆಂಡ್ ಹ್ಯಾಂಡ್. ಮಂಗಳೂರಿನ ಒಬ್ಬರಿಂದ ತಗೊಂಡೆ. ಅಲ್ಲಿ ಚೆನ್ನಾಗಿ ಹಾರುತ್ತಿತ್ತಂತೆ, ಆಮೇಲೆ ಒಂದೂವರೆ ವರ್ಷ ಅಟ್ಟದ ಮೇಲಿತ್ತಂತೆ. ವಿಮಾನ ನನ್ನ ಹಳೆಯದೇ, 74 ಇಂಚು ರೆಕ್ಕೆ, ಬಾಲ್ಸಾ (ಹಗುರ ಮರ) ಮತ್ತು ಪ್ಲೈ, ಈಗ ಎಲ್ಲ ಸೇರಿ 5 ಕೆಜಿ ಹತ್ತಿರ ಬರುತ್ತದೆ. ಪ್ರಾಪ್ (ಪ್ರೊಪೆಲ್ಲರ್) 16x8 ಇಂಚು, ಮರದ್ದು. ಬಂಕ್‌ನ ಮಾಮೂಲಿ ಪೆಟ್ರೋಲ್‌ಗೆ ಲೀಟರ್‌ಗೆ 40 ಎಂಎಲ್ 2ಟಿ ಆಯಿಲ್ ಹಾಕುತ್ತೇನೆ.

ತೊಂದರೆ ಏನಂದರೆ, ಚೋಕ್ ಹಾಕಿ ತಿರುಗಿಸಿದರೆ ಟಪ್ ಅನ್ನುತ್ತದೆ, ಚೋಕ್ ತೆಗೆದು ನಾಲ್ಕೈದು ಸಲ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಐಡಲ್‌ನಲ್ಲಿ ಎಷ್ಟು ಹೊತ್ತಾದರೂ ಓಡುತ್ತದೆ. ನಿಧಾನಕ್ಕೆ ಥ್ರಾಟಲ್ ಏರಿಸಿದರೆ ಏರುತ್ತದೆ. ಒಮ್ಮೆಲೇ ಕೊಟ್ಟರೆ ಕೊಸಕ್ ಅಂತ ನಿಂತೇ ಹೋಗುತ್ತದೆ. ಇನ್ನೊಂದು, ಫುಲ್ ಥ್ರಾಟಲ್‌ನಲ್ಲಿ 10-15 ಸೆಕೆಂಡ್ ಚೆನ್ನಾಗಿ ಓಡಿ, ಆಮೇಲೆ ಸದ್ದು ಸ್ವಲ್ಪ ಮೇಲಕ್ಕೆ ಹೋಗಿ, ಆಗಲೂ ನಿಲ್ಲುತ್ತದೆ. ಯೂಟ್ಯೂಬ್ ನೋಡಿ ಕಾರ್ಬುರೇಟರ್‌ನ ಎರಡೂ ನೀಡಲ್ (ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಅಳೆಯುವ ಸ್ಕ್ರೂ; ಎಲ್ ನಿಧಾನಕ್ಕೆ ಓಡುವಾಗಿನದು, ಎಚ್ ಜೋರಾಗಿ ಓಡುವಾಗಿನದು) ತೆರೆಯುತ್ತಾ ಹೋದೆ. ಒಂದೂವರೆ ಸುತ್ತಿನಿಂದ ಶುರು ಮಾಡಿದ್ದು, ಈಗ ಎಲ್ ಎರಡೂಕಾಲು, ಎಚ್ ಎರಡೂವರೆ ಸುತ್ತು. ತೆರೆದಾಗಲೆಲ್ಲ ಒಂದು ದಿನ ಸರಿ ಅನ್ನಿಸುತ್ತದೆ, ಮಾರನೇ ವಾರ ಮತ್ತೆ ಅದೇ ಕಥೆ.

ಹೋದ ಭಾನುವಾರ ಬುದ್ಧಿ ಇಲ್ಲದೆ ಹಾರಿಸಿಬಿಟ್ಟೆ. ಎರಡನೇ ಸುತ್ತಿನಲ್ಲಿ, ಗಾಳಿಯ ದಿಕ್ಕಿಗೆ ತಿರುಗಿದ ಮೇಲೆ, ಇಂಜಿನ್ ಬಂದ್. ಪಕ್ಕದ ರಾಗಿ ಹೊಲದ ಕೂಳೆ ಮೇಲೆ ಇಳಿಸಿದೆ. ಲ್ಯಾಂಡಿಂಗ್ ಗೇರ್ ಕಿತ್ತುಕೊಂಡು ಬಂತು, ಅಷ್ಟಕ್ಕೆ ಮುಗಿಯಿತು. ಹೊಲದ ಯಜಮಾನರು ಬೈಯಲಿಲ್ಲ, "ಪೆಟ್ರೋಲ್ ಖಾಲಿ ಆಯ್ತೇನಪ್ಪಾ" ಅಂದರು. ಟ್ಯಾಂಕ್ ಅರ್ಧ ತುಂಬಿತ್ತು.

ಇನ್ನೂ ಎಷ್ಟು ತೆರೆಯಬೇಕು? ಅಥವಾ ಕಾರ್ಬುರೇಟರ್ ಬದಲಿಸಬೇಕಾ?


ಬಾಲ್ಸಾ_ಬಸಣ್ಣ (ಬೆಂಗಳೂರು)

ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ ಸಾರ್. ಇನ್ನು ಒಂದು ವಾರ ನೀಡಲ್ ಮುಟ್ಟಬೇಡಿ.

ಯಾಕೆ ಹೇಳ್ತೀನಿ ಕೇಳಿ. ಈ ಇಂಜಿನ್ ಮಂಗಳೂರಿನಲ್ಲಿ, ಸಮುದ್ರದ ಮಟ್ಟದಲ್ಲಿ, ಸೆಟ್ ಆಗಿದ್ದದ್ದು. ಮೈಸೂರು ಸುಮಾರು 770 ಮೀಟರ್ ಎತ್ತರ. ಇಲ್ಲಿ ಗಾಳಿ ನೂರಕ್ಕೆ ಏಳರಷ್ಟು ತೆಳು. ಗಾಳಿ ಕಡಿಮೆ ಅಂದರೆ ಪೆಟ್ರೋಲೂ ಕಡಿಮೆ ಸಾಕು. ಘಟ್ಟ ಹತ್ತಿ ಬಂದ ಇಂಜಿನ್‌ಗೆ ನೀಡಲ್ ಒಂಚೂರು ಮುಚ್ಚಬೇಕು, ನೀವು ಒಂದು ಸುತ್ತು ತೆರೆದಿದ್ದೀರಿ. ಆದರೂ ಅದು ಹಸಿವು ಅಂತಿದೆ. ನಿಲ್ಲುವ ಮುಂಚೆ ಸದ್ದು ಮೇಲಕ್ಕೆ ಹೋಯಿತು ಅಂದಿರಲ್ಲ, ಅದು ಲೀನ್ ಆಗಿ, ಅಂದರೆ ಪೆಟ್ರೋಲ್ ಸಾಲದೆ, ಸಾಯುವ ಸದ್ದು. ರಿಚ್ ಆದರೆ, ಅಂದರೆ ಪೆಟ್ರೋಲ್ ಜಾಸ್ತಿ ಆದರೆ, ಬಗಬಗ ಅಂತ ಹೊಗೆ ಕಾರಿಕೊಂಡು ಇಳಿಯುತ್ತದೆ, ಹೀಗೆ ಕೂಗಿಕೊಂಡು ಸಾಯುವುದಿಲ್ಲ.

ಈಗಿನ ಪೆಟ್ರೋಲ್ ಇ20, ಎಥನಾಲ್ ಇದೆ, ಅದಕ್ಕೆ ಜಾಸ್ತಿ ತೆರೆಯಬೇಕು ಅಂತ ಯಾರಾದರೂ ಹೇಳಬಹುದು. ಅದು ನಿಜವೇ. ಎಥನಾಲ್ ಇಲ್ಲದ ಪೆಟ್ರೋಲ್‌ಗಿಂತ ಇ20 ಏಳೆಂಟು ಪರ್ಸೆಂಟ್ ಜಾಸ್ತಿ ಬೇಕಾಗುತ್ತದೆ. ಆದರೆ ಮೈಸೂರಿನ ತೆಳು ಗಾಳಿ ಕಳೆದದ್ದು ಅಷ್ಟೇ. ಕೂಡಿ ಕಳೆದರೆ ಹೆಚ್ಚುಕಮ್ಮಿ ಮಂಗಳೂರಿನ ನೀಡಲ್ಲೇ ಸರಿಹೋಗಬೇಕು. ಒಂದು ಪೂರ್ತಿ ಸುತ್ತಿನ ವ್ಯತ್ಯಾಸಕ್ಕೆ ಹವೆಯೂ ಕಾರಣ ಅಲ್ಲ, ಎಥನಾಲೂ ಅಲ್ಲ. ಪೆಟ್ರೋಲ್ ಬರುವ ದಾರಿಯಲ್ಲೇ ಏನೋ ಕೆಟ್ಟಿದೆ.

ಹಾಗಾಗಿ ಕೆಲವು ಪ್ರಶ್ನೆ. ಟ್ಯಾಂಕ್ ಗ್ಲೋ ಕಾಲದ್ದೇನಾ? ಪೈಪ್ ಯಾವುದು, ಗ್ಲೋಗೆ ಹಾಕುತ್ತಿದ್ದ ಸಿಲಿಕಾನ್ ಪೈಪ್ ಆಗಿದ್ದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಸಿಲಿಕಾನ್ ಮೆಥನಾಲ್‌ಗೆ ಆಗುತ್ತದೆ, ಪೆಟ್ರೋಲ್‌ಗೆ ಆಗುವುದಿಲ್ಲ. ನೆನೆದ ಕಡಲೆ ಹಾಗೆ ಊದಿಕೊಂಡು ಮೆತ್ತಗಾಗುತ್ತದೆ. ಟ್ಯಾಂಕ್ ಒಳಗಿನ ತುಂಡು ಊದಿ ಹಿತ್ತಾಳೆ ನಳಿಕೆಯಿಂದ ಸಡಿಲ ಆಗುತ್ತದೆ, ಅಲ್ಲಿಂದ ಗಾಳಿ ಎಳೆಯುತ್ತದೆ. ಟ್ಯಾಂಕ್ ಬಾಯಿಯ ರಬ್ಬರ್ ಬಿರಡೆಯ ಕಥೆಯೂ ಅದೇ. ಪೆಟ್ರೋಲ್‌ಗೆ ಅಂತಲೇ ಬರುವ ಬಿರಡೆ ಬೇರೆ.

ಎರಡನೆಯದು ವೆಂಟ್ ಪೈಪ್. ಟ್ಯಾಂಕ್‌ನಿಂದ ಪೆಟ್ರೋಲ್ ಹೋದಷ್ಟೂ ಒಳಗೆ ಗಾಳಿ ಬರಬೇಕಲ್ವಾ? ಆ ಪೈಪ್ ಎಲ್ಲಿಗೆ ಹೋಗುತ್ತದೆ? ಗ್ಲೋದಲ್ಲಿ ಅದನ್ನು ಮಫ್ಲರ್‌ಗೆ ಸಿಕ್ಕಿಸುತ್ತಿದ್ದೆವು. ಪೆಟ್ರೋಲ್ ಇಂಜಿನ್‌ನ ಕಾರ್ಬುರೇಟರ್‌ನಲ್ಲಿ ಪಂಪ್ ಒಳಗೇ ಇದೆ, ಕ್ರ್ಯಾಂಕ್‌ಕೇಸ್‌ನ (ಪಿಸ್ಟನ್ ಕೆಳಗಿನ ಗೂಡಿನ) ಒತ್ತಡ ಏರಿ ಇಳಿಯುವುದರಿಂದ ಒಂದು ತೆಳು ಪರದೆ ಬಡಿದುಕೊಂಡು ಪೆಟ್ರೋಲ್ ಎಳೆಯುತ್ತದೆ. ಅದಕ್ಕೆ ಮಫ್ಲರ್ ಒತ್ತಡ ಬೇಡ. ವೆಂಟ್ ಪೂರ್ತಿ ತೆರೆದಿರಬೇಕು ಅಷ್ಟೆ.

ಒಂದು ಪರೀಕ್ಷೆ ಮಾಡಿ. ನೆಲದ ಮೇಲೆ ಫುಲ್ ಥ್ರಾಟಲ್‌ನಲ್ಲಿ ಬಿಟ್ಟು, ತಾನಾಗೇ ನಿಂತ ತಕ್ಷಣ ಇಗ್ನಿಷನ್ ಆಫ್ ಮಾಡಿ, ಪೆಟ್ರೋಲ್ ತುಂಬಿಸುವ ಪೈಪ್‌ನ ಮುಚ್ಚಳ ತೆಗೆಯಿರಿ. ಸ್ಸ್ ಅಂತ ಗಾಳಿ ಒಳಕ್ಕೆ ಹೋದರೆ ವೆಂಟ್ ಕಟ್ಟಿದೆ ಅಂತಲೇ ಲೆಕ್ಕ. ಇಂಜಿನ್ ಓಡುವಾಗ ಟ್ಯಾಂಕ್‌ನಿಂದ ಕಾರ್ಬುರೇಟರ್‌ಗೆ ಹೋಗುವ ಪೈಪ್‌ನಲ್ಲಿ ಗುಳ್ಳೆ ಓಡುತ್ತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಪ್ರಾಪ್ ಹಿಂದೆ ನಿಂತು ನೋಡಿ, ಪಕ್ಕದಲ್ಲಿ ಬಗ್ಗಿ ಅಲ್ಲ.


ಬ್ಯಾಟರಿ_ಭಟ್ಟ

ಎಲೆಕ್ಟ್ರಿಕ್ ಹಾಕಿ. ಸ್ವಿಚ್ ಹಾಕಿದರೆ ತಿರುಗುತ್ತದೆ. ರಾಗಿ ಹೊಲವೂ ಉಳಿಯುತ್ತದೆ 😄


ಬಾಲ್ಸಾ_ಬಸಣ್ಣ (ಬೆಂಗಳೂರು)

ಭಟ್ರೇ, ನಿಮ್ಮ ಬ್ಯಾಟರಿ ಹೋದ ತಿಂಗಳು ಕಾರಿನ ಡಿಕ್ಕಿಯಲ್ಲಿ ಊದಿಕೊಂಡ ಕಥೆ ಹೇಳಲಾ?


ತೋಟದ_ಮನೆ (ತೀರ್ಥಹಳ್ಳಿ)

ಬಸಣ್ಣ ಹೇಳಿದ್ದು ಸರಿ, ನಾನು ಕಾರ್ಬುರೇಟರ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನಿಮ್ಮ ಇಂಜಿನ್‌ನಲ್ಲಿರುವುದು ವಾಲ್ಬ್ರೋ ಥರದ ಕಾರ್ಬುರೇಟರ್. ನಮ್ಮ ಕಡೆ ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ವೀಡ್ ಕಟರ್‌ನಲ್ಲಿ, ಮರ ಕೊಯ್ಯುವ ಚೈನ್ ಸಾದಲ್ಲಿ ಇರುವುದೂ ಅದೇ ಜಾತಿಯದು. ವಿಮಾನದವರು ಇದನ್ನು ಏನೋ ದೊಡ್ಡ ರಹಸ್ಯ ಅನ್ನೋ ಥರ ಮಾತಾಡುತ್ತಾರೆ. ನಮ್ಮೂರಿನ ವೀಡ್ ಕಟರ್ ರಿಪೇರಿ ಮಾಡುವ ಹುಡುಗ ದಿನಕ್ಕೆ ನಾಲ್ಕು ಬಿಚ್ಚುತ್ತಾನೆ, ಮಳೆಗಾಲ ಮುಗಿಯುವ ಹೊತ್ತಿಗಂತೂ ಕಣ್ಣು ಮುಚ್ಚಿಕೊಂಡೇ ಬಿಚ್ಚುತ್ತಾನೆ. ಕಾರ್ಬುರೇಟರ್ ಬದಲಿಸುವ ಮೊದಲು ಅಂಥವರ ಹತ್ತಿರ ಒಮ್ಮೆ ಹೋಗಿ. ಮೈಸೂರಲ್ಲೂ ಕೃಷಿ ಉಪಕರಣದ ಅಂಗಡಿ ಹತ್ತಿರ ಯಾರಾದರೂ ಸಿಗುತ್ತಾರೆ.

ಒಂದೂವರೆ ವರ್ಷ ಅಟ್ಟದ ಮೇಲಿತ್ತು ಅಂದಿರಿ. ನನ್ನ ಗುಮಾನಿ ಅಲ್ಲೇ. ಒಳಗೆ ಎರಡು ಪರದೆ ಇರುತ್ತವೆ. ಒಂದು ಪಂಪಿನದು, ಬಸಣ್ಣ ಹೇಳಿದ್ದು. ಇನ್ನೊಂದು ಪೆಟ್ರೋಲ್ ಅಳತೆ ಮಾಡುವುದು. ಇಂಜಿನ್ ಎಳೆದಾಗ ಈ ಎರಡನೇ ಪರದೆ ಒಳಕ್ಕೆ ಬಗ್ಗಿ ಒಂದು ಸಣ್ಣ ಲಿವರ್ ಒತ್ತುತ್ತದೆ, ಆಗ ಒಳಗಿನ ಸೂಜಿ ಎದ್ದು ಪೆಟ್ರೋಲ್ ಬರುತ್ತದೆ. ಪೆಟ್ರೋಲ್ ಒಳಗೇ ಬಿಟ್ಟು ಒಣಗಿಸಿದರೆ ಪರದೆ ಬಿಗಿಯುತ್ತದೆ. ಹೊಸದು ಕೈಯಲ್ಲಿ ಹಿಡಿದರೆ ವೀಳ್ಯದೆಲೆ ಥರ ಬಳುಕುತ್ತದೆ, ಕೆಟ್ಟದ್ದು ಒಣ ಎಲೆ ಥರ ಸದ್ದು ಮಾಡುತ್ತದೆ. ಬಿಗಿಯಾದ ಪರದೆ ಐಡಲ್‌ಗೆ ಸಾಲುವಷ್ಟು ಬಗ್ಗುತ್ತದೆ, ಒಮ್ಮೆಲೇ ರೇಸ್ ಕೊಟ್ಟಾಗ ಅಷ್ಟು ಬೇಗ ಬಗ್ಗುವುದಿಲ್ಲ. ನಿಮ್ಮ "ಕೊಸಕ್" ಇದೇ ಇರಬಹುದು.

ಪರದೆ ಮತ್ತು ಗ್ಯಾಸ್ಕೆಟ್ ಸೇರಿದ ಕಿಟ್ ಸಿಗುತ್ತದೆ, ದುಬಾರಿ ಏನಲ್ಲ. ಕಾರ್ಬುರೇಟರ್ ಮೇಲಿನ ನಂಬರ್ ನೋಡಿ ತಗೊಳ್ಳಿ, ಹಳೆಯದರ ಪಕ್ಕ ಇಟ್ಟು ತೂತುಗಳು ಹೊಂದುತ್ತವಾ ಅಂತ ನೋಡಿ. ಬಿಚ್ಚುವಾಗ ಒಂದೊಂದು ಪದರಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಗ್ಯಾಸ್ಕೆಟ್ ಮೊದಲಾ ಪರದೆ ಮೊದಲಾ ಅನ್ನೋದು ಎರಡು ಕಡೆ ಉಲ್ಟಾ ಇರುತ್ತದೆ, ಅಲ್ಲೇ ಎಲ್ಲರೂ ತಪ್ಪುವುದು. ನಾನೂ ತಪ್ಪಿದ್ದೇನೆ, ಒಂದು ಇಡೀ ಶನಿವಾರ ಹೋಯಿತು. ಒಳಗೆ ಹೆಬ್ಬೆರಳಿನ ಉಗುರಿಗಿಂತ ಸಣ್ಣ ಜಾಲರಿ ಇದೆ, ಅದರಲ್ಲಿ ಕಸ ಇದ್ದರೆ ತೆಗೆಯಿರಿ. ಲಿವರ್ ಮಾತ್ರ ಬಗ್ಗಿಸಬೇಡಿ.

ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ಗ್ಯಾಸ್ಕೆಟ್‌ನಲ್ಲಿ ಒಂದು ಸಣ್ಣ ತೂತು ಇರುತ್ತದೆ, ಕ್ರ್ಯಾಂಕ್‌ಕೇಸ್ ಒತ್ತಡ ಪಂಪಿಗೆ ಹೋಗುವುದು ಅದರ ಮೂಲಕ. ಗ್ಯಾಸ್ಕೆಟ್ ತಿರುಗಿಸಿ ಹಾಕಿದರೆ ತೂತು ಮುಚ್ಚಿಹೋಗುತ್ತದೆ, ಪಂಪ್ ಸತ್ತ ಹಾಗೆ. ಮಾರಿದವರು ಒಮ್ಮೆ ಬಿಚ್ಚಿದ್ದರೇನೋ, ಕೇಳಿ.

ಆಯಿಲ್ ಬಗ್ಗೆ. 40 ಎಂಎಲ್ ಅಂದರೆ 25:1, ತಪ್ಪೇನಿಲ್ಲ. ಹೆಚ್ಚಿನ ಇಂಜಿನ್‌ಗಳ ಕಾಗದದಲ್ಲಿ 30:1 ಅಂತ ಇರುತ್ತದೆ, ಅಂದರೆ ಲೀಟರ್‌ಗೆ 33 ಎಂಎಲ್. ಆಯಿಲ್ ಜಾಸ್ತಿ ಆದಷ್ಟೂ ಪೆಟ್ರೋಲಿನ ಪಾಲು ಅಷ್ಟು ಕಡಿಮೆ ಅನ್ನೋದು ನೆನಪಿರಲಿ, ಒಮ್ಮೆ ಒಂದು ಅಳತೆ ಇಟ್ಟುಕೊಂಡರೆ ಅದನ್ನೇ ಇಟ್ಟುಕೊಳ್ಳಿ. ಮತ್ತೆ ಇ20 ನೀರು ಹೀರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಅರ್ಧ ಖಾಲಿ ಕ್ಯಾನ್ ತಿಂಗಳುಗಟ್ಟಲೆ ಇಟ್ಟರೆ ತಳದಲ್ಲಿ ಬೇರೆ ಪದರವೇ ನಿಲ್ಲುತ್ತದೆ. ಬೇಕಾದಷ್ಟೇ ಬೆರೆಸಿ, ಸಂಜೆ ಟ್ಯಾಂಕ್ ಖಾಲಿ ಮಾಡಿ, ಕೊನೆಗೆ ಇಂಜಿನ್ ತಾನಾಗೇ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಿ.


ಹೊಲದ_ಪೈಲಟ್ (ಮೈಸೂರು)

ನಾಚಿಕೆ ಆಗುತ್ತಿದೆ, ಆದರೂ ಹೇಳಬೇಕು.

ಟ್ಯಾಂಕ್ ಗ್ಲೋ ಕಾಲದ್ದೇ. ಪೈಪ್ ಕೆಂಪು ಸಿಲಿಕಾನ್. ಈಗ ಬಿಚ್ಚಿ ನೋಡಿದೆ, ಒಳಗಿನ ತುಂಡು ಮುಟ್ಟಿದರೆ ಬೇಯಿಸಿದ ಶಾವಿಗೆ ಥರ ಇದೆ, ನಳಿಕೆಯಿಂದ ಎಳೆಯುವ ಮುಂಚೆಯೇ ಕೈಗೆ ಬಂತು. ಬಿರಡೆಯೂ ದಪ್ಪಗಾಗಿದೆ.

ವೆಂಟ್ ವಿಷಯ ಇನ್ನೂ ಚೆನ್ನಾಗಿದೆ. ಈ ಮಫ್ಲರ್‌ನಲ್ಲಿ ಪೈಪ್ ಸಿಕ್ಕಿಸುವ ನಿಪ್ಪಲ್ ಇರಲಿಲ್ಲ. ವೆಂಟ್ ಸುಮ್ನೆ ಬಿಟ್ಟರೆ ಕಾರಿನಲ್ಲಿ ತರುವಾಗ ಪೆಟ್ರೋಲ್ ಚೆಲ್ಲಿ ವಾಸನೆ ಬರುತ್ತಿತ್ತು, ಮನೆಯಲ್ಲಿ ಬೈಗುಳ. ಅದಕ್ಕೆ ತುದಿಗೆ ಒಂದು ರಬ್ಬರ್ ಮುಚ್ಚಳ ಹಾಕಿ ಗುಂಡುಪಿನ್‌ನಿಂದ ತೂತು ಮಾಡಿದ್ದೆ. ಗಾಳಿಗೆ ಅಷ್ಟು ಸಾಕು ಅಂದುಕೊಂಡಿದ್ದೆ. ಬಸಣ್ಣ ಹೇಳಿದ ಪರೀಕ್ಷೆ ಮಾಡಿದೆ, ಸ್ಸ್ ಅಲ್ಲ, ಟ್ಯಾಂಕೇ ಪಕ್ಕೆ ಒಳಗೆ ಎಳೆದುಕೊಂಡು ಕೂತಿತ್ತು. ಮುಚ್ಚಳ ತೆಗೆದಾಗ ಟಪ್ ಅಂತ ಉಬ್ಬಿತು.

ಟ್ಯಾಂಕ್, ಬಿರಡೆ, ಪೈಪ್ ಎಲ್ಲ ಹೊಸದು ಹಾಕುತ್ತೇನೆ. ಪರದೆ ಕಿಟ್ ಹುಡುಕುತ್ತೇನೆ. ಇದರ ಜೊತೆ ಇನ್ನೆರಡು ವಿಷಯ. ಒಂದು, ಇಂಜಿನ್ ಓಡುವಾಗ ಆಗೊಮ್ಮೆ ಈಗೊಮ್ಮೆ ಎಲಿವೇಟರ್ ಸರ್ವೋ (ಬಾಲದ ಪಟ್ಟಿ ಆಡಿಸುವ ಸಣ್ಣ ಮೋಟಾರ್) ಜುಂ ಅಂತ ನಡುಗುತ್ತದೆ, ರೇಡಿಯೋ 2.4 ಗಿಗಾಹರ್ಟ್ಸ್‌ದೇ. ಎರಡು, ಕೌಲ್ (ಇಂಜಿನ್ ಮುಚ್ಚುವ ಮೂತಿಯ ಕವಚ) ಇಲ್ಲದೆ ಸ್ವಲ್ಪ ವಾಸಿ ಓಡುತ್ತದೆ, ಹಾಕಿದರೆ ಕೆಡುತ್ತದೆ. ಇದು ನನ್ನ ಭ್ರಮೆಯಾ?


ಕಡಲ_ಗಾಳಿ (ಉಡುಪಿ)

ಮಾರಾಯ್ರೇ, ಗುಂಡುಪಿನ್ ತೂತು ಓದಿ ಚಾ ಮೂಗಿಗೆ ಹೋಯ್ತು. ಬೇಜಾರು ಮಾಡ್ಬೇಡಿ, ಗ್ಲೋದಿಂದ ಬಂದವರೆಲ್ಲ ಇಂಥದ್ದು ಏನಾದರೂ ಒಂದು ಮಾಡಿಯೇ ಮಾಡ್ತಾರೆ. ಪೆಟ್ರೋಲ್ ಚೆಲ್ಲಬಾರದು ಅಂದರೆ ವೆಂಟ್ ಪೈಪನ್ನು ಟ್ಯಾಂಕ್ ಸುತ್ತ ಒಂದು ಸುತ್ತು ಹಾಕಿ ಕೆಳಗೆ ಬಿಡಿ, ಕಾರಿನಲ್ಲಿ ತರುವಾಗ ಮಾತ್ರ ಮುಚ್ಚಳ ಹಾಕಿ, ಅದಕ್ಕೆ ಒಂದು ಕೆಂಪು ರಿಬ್ಬನ್ ಕಟ್ಟಿ, ಇಲ್ಲದಿದ್ದರೆ ತೆಗೆಯಲು ಮರೆಯುತ್ತೀರಿ. ಪೈಪ್ ಹಳದಿ ಟೈಗಾನ್ ತಗೊಳ್ಳಿ. ಅದು ಜಾರುತ್ತದೆ, ನಳಿಕೆ ತುದಿ ನುಣ್ಣಗಿದ್ದರೆ ತೆಳು ತಂತಿ ಸುತ್ತಿ ಬಿಗಿಯಿರಿ. ಟ್ಯಾಂಕ್ ಒಳಗಿನ ತುಂಡು ಕಾಲ ಕಳೆದ ಹಾಗೆ ಗಟ್ಟಿ ಆಗ್ತದೆ, ವರ್ಷಕ್ಕೊಮ್ಮೆ ತೆಗೆದು ನೋಡಿ, ಗಟ್ಟಿಯಾದರೆ ಮೂತಿ ಕೆಳಗೆ ಮಾಡಿದಾಗ ಕ್ಲಂಕ್ (ಆ ತುಂಡಿನ ತುದಿಯ ತೂಕದ ಗುಂಡು) ಪೆಟ್ರೋಲ್ ಹಿಂದೆ ಹೋಗುವುದಿಲ್ಲ.

ಸರ್ವೋ ನಡುಗುವುದು ಇಗ್ನಿಷನ್‌ನ ಕಾಟ. ಇಗ್ನಿಷನ್ ಬಾಕ್ಸ್ ಪ್ಲಗ್‌ಗೆ ಕೊಡುವುದು ಸಾವಿರಾರು ವೋಲ್ಟ್, ಅದು ಸೋರಿದರೆ ಸಿಕ್ಕ ತಂತಿಯನ್ನೆಲ್ಲ ಹಿಡಿಯುತ್ತದೆ. 2.4 ಬಂದ ಮೇಲೆ ಮೊದಲಿನಷ್ಟು ಹೆದರಿಕೆ ಇಲ್ಲ, ಆದರೂ ಸರ್ವೋ ತಂತಿ ಆಂಟೆನಾ ಥರ ಕೆಲಸ ಮಾಡ್ತದೆ. ಮೊದಲು ಪ್ಲಗ್ ಕ್ಯಾಪ್ ನೋಡಿ, ಪ್ಲಗ್ ಮೇಲೆ ಗಟ್ಟಿಯಾಗಿ ಕೂತಿದೆಯಾ? ತಂತಿಯ ಹೊರಗಿನ ಲೋಹದ ಹೆಣಿಗೆ ಆ ಕ್ಯಾಪ್ ಮೂಲಕವೇ ಇಂಜಿನ್‌ಗೆ ತಾಗಬೇಕು. ಹೆಣಿಗೆ ಕೌಲ್‌ಗೆ ಉಜ್ಜಿ ಕಿತ್ತಿದ್ದರೆ ಅಲ್ಲಿಂದಲೇ ಸೋರುವುದು. ಇಗ್ನಿಷನ್ ಬಾಕ್ಸ್, ಅದರ ಬ್ಯಾಟರಿ, ಅದರ ಸ್ವಿಚ್ ಎಲ್ಲ ಮುಂದೆ. ರಿಸೀವರ್, ಅದರ ಬ್ಯಾಟರಿ ಹಿಂದೆ. ನಡುವೆ ಒಂದು ಅಡಿ ಇರಲಿ. ಎರಡಕ್ಕೂ ಒಂದೇ ಬ್ಯಾಟರಿ ಬೇಡ. ಥ್ರಾಟಲ್‌ಗೆ ಕಬ್ಬಿಣದ ಕಡ್ಡಿ ಹಾಕಿದ್ದರೆ ತೆಗೆದು ನೈಲಾನ್ ಅಥವಾ ಕಾರ್ಬನ್ ಹಾಕಿ, ಕಬ್ಬಿಣದ ಕಡ್ಡಿ ಇಂಜಿನ್‌ನ ಗದ್ದಲವನ್ನು ನೇರ ಸರ್ವೋಗೆ ತಂದು ಕೊಡ್ತದೆ. ನಿಮ್ಮ ಹಳೇ ವಿಮಾನದಲ್ಲಿ ಹಳೇ ಕಡ್ಡಿಯೇ ಇರಬೇಕು, ಅಲ್ಲವಾ?

ಬ್ಯಾಟರಿ ಎಷ್ಟು ವೋಲ್ಟ್ ಅಂತ ಬಾಕ್ಸ್ ಮೇಲೆ ಬರೆದಿರುತ್ತದೆ, ಓದಿ. ಹೊಸ ಬಾಕ್ಸ್‌ಗಳು ಎರಡು ಸೆಲ್ ಲಿಪೋ ಬ್ಯಾಟರಿ ತಡೆಯುತ್ತವೆ, ಹಳೆಯವು ಕೆಲವು 6 ವೋಲ್ಟ್ ದಾಟಿದರೆ ಸುಟ್ಟು ಹೋಗುತ್ತವೆ. ಪ್ಲಗ್ ಗ್ಯಾಪ್ ಅರ್ಧ ಮಿಲಿಮೀಟರ್ ಅಥವಾ ಒಂದು ಕೂದಲು ಕಡಿಮೆ. ಮತ್ತೆ ಪ್ಲಗ್ ಇಲ್ಲದೆ, ಅಥವಾ ಪ್ಲಗ್ ಇಂಜಿನ್‌ಗೆ ತಾಗಿಸದೆ ಕಿಡಿ ಬರ್ತದಾ ಅಂತ ನೋಡಲು ಹೋಗ್ಬೇಡಿ. ಕಿಡಿಗೆ ದಾರಿ ಸಿಗದಿದ್ದರೆ ಅದು ಬಾಕ್ಸ್ ಒಳಗೇ ದಾರಿ ಮಾಡಿಕೊಳ್ತದೆ, ಅಲ್ಲಿಗೆ ಬಾಕ್ಸ್ ಮುಗಿಯಿತು.

ಈಗ ಕೇಳದೆ ಇದ್ದದ್ದು ಒಂದು. ರೇಡಿಯೋದಿಂದ ಇಗ್ನಿಷನ್ ಆಫ್ ಮಾಡುವ ಕಿಲ್ ಸ್ವಿಚ್ ಇದೆಯಾ? ಇಲ್ಲದಿದ್ದರೆ ಹಾಕದೆ ಹಾರಿಸಬೇಡಿ. ತಣ್ಣಗಿರುವ ಗ್ಲೋ ಇಂಜಿನ್‌ನಲ್ಲಿ ಗ್ಲೋ ಬ್ಯಾಟರಿ ಕೊಡದಿದ್ದರೆ ಅದು ಹೆಚ್ಚುಕಮ್ಮಿ ಪಾಪದ್ದು. ಇದು ಹಾಗಲ್ಲ, ಇಗ್ನಿಷನ್ ಆನ್ ಇದ್ದು ಪ್ರಾಪ್ ಒಂದು ಸ್ವಲ್ಪ ತಿರುಗಿದರೂ ಹೊಡೆಯುತ್ತದೆ. ನನ್ನ ಬಲಗೈ ಹೆಬ್ಬೆರಳಿಗೆ ಆರು ಹೊಲಿಗೆ ಬಿದ್ದಿದೆ, ನಿಂತ ಇಂಜಿನ್, ಪ್ರಾಪ್ ನೇರ ಮಾಡೋಣ ಅಂತ ಮುಟ್ಟಿದ್ದು ಅಷ್ಟೆ. ಸ್ವಿಚ್ ಆಫ್ ಇದೆ ಅಂದುಕೊಂಡಿದ್ದೆ. ಈಗ ಕೌಲ್ ಪಕ್ಕ ಒಂದು ಕೆಂಪು ಎಲ್‌ಇಡಿ ಹಾಕಿದ್ದೇನೆ, ಇಗ್ನಿಷನ್ ಆನ್ ಇದ್ದರೆ ಉರಿಯುತ್ತದೆ. ದಪ್ಪ ಚರ್ಮದ ಗ್ಲೌಸ್ ಹಾಕಿ, ಬಾಲ ಹಿಡಿಯಲು ಇನ್ನೊಬ್ಬರು ಇರಲಿ, ಫೇಲ್‌ಸೇಫ್‌ನಲ್ಲಿ (ರೇಡಿಯೋ ಸಂಪರ್ಕ ತಪ್ಪಿದಾಗ) ಥ್ರಾಟಲ್ ಕೆಳಗೆ ಬರುವ ಹಾಗೆ ಮಾಡಿ. ರೇಡಿಯೋ ಆಫ್ ಮಾಡಿ ಅದು ನಿಜಕ್ಕೂ ಬರ್ತದಾ ಅಂತ ನೆಲದ ಮೇಲೆಯೇ ನೋಡಿ.


ಬಾಲ್ಸಾ_ಬಸಣ್ಣ (ಬೆಂಗಳೂರು)

ಉಡುಪಿಯವರು ಹೇಳಿದ್ದನ್ನು ಎರಡು ಸಲ ಓದಿ ಸಾರ್.

ಕೌಲ್ ವಿಷಯ ಭ್ರಮೆ ಅಲ್ಲ. ತೋಟದ ಮನೆಯವರು ಹೇಳಿದ ಆ ಅಳತೆ ಪರದೆಯ ಮೇಲಿನ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. (ನಿಮ್ಮ ಗುಂಡುಪಿನ್ ತೂತಿಗೆ ಸರಿಯಾದ ಜಾಗ ಅದು.) ಪರದೆಯ ಒಂದು ಪಕ್ಕ ಪೆಟ್ರೋಲ್, ಇನ್ನೊಂದು ಪಕ್ಕ ಹೊರಗಿನ ಗಾಳಿ. ಹಾರುವಾಗ ಕೌಲ್ ಒಳಗೆ ಗಾಳಿ ನುಗ್ಗಿ ಒತ್ತಡ ಏರಿಳಿಯುತ್ತದೆ, ಆ ತೂತಿನ ಮೇಲೆ ಒತ್ತಡ ಬದಲಾದರೆ ಪರದೆ ಬಗ್ಗುವ ಲೆಕ್ಕವೂ ಬದಲಾಗುತ್ತದೆ. ನೆಲದ ಮೇಲೆ ಸೆಟ್ ಮಾಡಿದ್ದು ಮೇಲೆ ಹೋದಾಗ ಇರುವುದಿಲ್ಲ. ಮುಚ್ಚಳ ಬಿಚ್ಚಿ, ಆ ತೂತಿನ ಮೇಲೆ ಸಣ್ಣ ಹಿತ್ತಾಳೆ ನಳಿಕೆ ಬೆಸೆದು, ಒಂದು ಪೈಪ್‌ನಲ್ಲಿ ವಿಮಾನದ ಹೊಟ್ಟೆಯೊಳಗೆ, ಗಾಳಿ ಆಡದ ಕಡೆ ಬಿಡಿ. ಬೆಸುಗೆ ಹಾಕುವಾಗ ಮುಚ್ಚಳ ಪೂರ್ತಿ ಹೊರಗೆ ತೆಗೆದಿರಲಿ, ಪರದೆ ಹತ್ತಿರ ಬಿಸಿ ಬೇಡ.

ಇನ್ನೊಂದು ಬಿಸಿಯ ಲೆಕ್ಕ. ಕೌಲ್‌ಗೆ ಗಾಳಿ ಬರುವ ಬಾಯಿಗಿಂತ ಹೋಗುವ ಬಾಯಿ ಎರಡು ಮೂರು ಪಟ್ಟು ದೊಡ್ಡದಿರಬೇಕು. ಎಲ್ಲರೂ ಮುಂದೆ ದೊಡ್ಡ ತೂತು ಕೊರೆಯುತ್ತಾರೆ, ಹಿಂದೆ ಮರೆಯುತ್ತಾರೆ. ಬಂದ ಗಾಳಿ ಹೋಗದಿದ್ದರೆ ಹೊಸ ಗಾಳಿ ಒಳಗೇ ಬರುವುದಿಲ್ಲ. ಸಿಲಿಂಡರ್ ಸುತ್ತಲಿನ ತಂಪು ಮಾಡುವ ಫಿನ್‌ಗಳ ನಡುವೆಯೇ ಹೋಗುವ ಹಾಗೆ ತೆಳು ಬಾಲ್ಸಾ ಅಡ್ಡ ಹಾಕಿದರೆ ಇನ್ನೂ ಒಳ್ಳೇದು.

ಫೈರ್‌ವಾಲ್ (ಇಂಜಿನ್ ಕೂರಿಸುವ ಮುಂದಿನ ಹಲಗೆ) ಕೂಡ ನೋಡಿಕೊಳ್ಳಿ, ಗ್ಲೋ ವಿಮಾನ ಅಂದಿರಿ. ಪೆಟ್ರೋಲ್ ಇಂಜಿನ್‌ನ ನಡುಕ ಬೇರೆ ಜಾತಿ. ಒಳಗಿನ ಮೂಲೆಗಳಿಗೆ ತ್ರಿಕೋನ ಪಟ್ಟಿ, ಪಕ್ಕದಿಂದ ಬಿದಿರು ಕಡ್ಡಿ ತೂರಿಸಿ ಇಪಾಕ್ಸಿ. ಮರಕ್ಕೆಲ್ಲ ತೆಳು ಇಪಾಕ್ಸಿ ಒಂದು ಕೈ ಬಳಿಯಿರಿ, ಪೆಟ್ರೋಲ್ ಹೀರಿದ ಪ್ಲೈಗೆ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಮೌಂಟ್ ಬೋಲ್ಟ್‌ಗೆ ನೀಲಿ ಲಾಕ್‌ಟೈಟ್ (ಬೋಲ್ಟ್ ಸಡಿಲ ಆಗದಂತೆ ಹಾಕುವ ಅಂಟು).

ಎಲ್ಲ ಆದ ಮೇಲೆ ನೀಡಲ್. ಎರಡನ್ನೂ ಮೆತ್ತಗೆ ಮುಚ್ಚಿ (ಬಿಗಿದರೆ ತುದಿ ಹಾಳು), ಒಂದೂವರೆ ಸುತ್ತು ತೆರೆಯಿರಿ. ಇಂಜಿನ್‌ಗೆ ಹತ್ತಿರ ಇರುವುದು ಎಲ್, ಚೋಕ್ ಕಡೆ ಇರುವುದು ಎಚ್. ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಬಿಸಿ ಆಗಲಿ, ತಣ್ಣಗಿರುವಾಗ ಮಾಡಿದ ಸೆಟ್ಟಿಂಗ್ ನೀರಿನ ಮೇಲೆ ಬರೆದ ಹಾಗೆ. ಮೊದಲು ಎಲ್. ಐಡಲ್‌ನಿಂದ ಥಟ್ ಅಂತ ಥ್ರಾಟಲ್ ಕೊಡಿ. ಕೊಸಕ್ ಅಂದರೆ ಎಲ್ ಸ್ವಲ್ಪ ತೆರೆಯಿರಿ, ಬಗಬಗ ಅಂತ ಹೊಗೆ ಬಿಟ್ಟು ಸೋಮಾರಿ ಥರ ಏರಿದರೆ ಮುಚ್ಚಿ. ಒಂದು ಸಲಕ್ಕೆ ಗಡಿಯಾರದ ಒಂದು ಗಂಟೆಯಷ್ಟು ಮಾತ್ರ ತಿರುಗಿಸಿ, ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ ಫುಲ್ ಥ್ರಾಟಲ್‌ನಲ್ಲಿ ಎಚ್ ನಿಧಾನ ಮುಚ್ಚುತ್ತಾ ಹೋಗಿ, ಆರ್‌ಪಿಎಂ ಏರುತ್ತಾ ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ವಾಪಸ್ ತೆರೆದು 200-300 ಇಳಿಸಿ ಬಿಡಿ. 16x8ಗೆ 7,500ರಿಂದ 8,000ದ ನಡುವೆ ಬಂದರೆ 20 ಸಿಸಿ ಆರೋಗ್ಯವಾಗಿದೆ. ತುತ್ತತುದಿಯಲ್ಲೇ ಬಿಟ್ಟರೆ ನೆಲದ ಮೇಲೆ ಚೆಂದ, ಮೇಲೆ ಹೋದರೆ ಪ್ರಾಪ್ ಹಗುರಾಗಿ ಇನ್ನೂ ಜೋರು ತಿರುಗಿ ಲೀನ್ ಆಗುತ್ತದೆ. ಫುಲ್ ಥ್ರಾಟಲ್‌ನಲ್ಲೂ ಎಲ್ ಮೂಲಕ ಸ್ವಲ್ಪ ಪೆಟ್ರೋಲ್ ಬರುತ್ತಲೇ ಇರುತ್ತದೆ, ಆದ್ದರಿಂದ ಕೊನೆಗೆ ಎಲ್ ಮತ್ತೊಮ್ಮೆ ನೋಡಿ. ನಾಲ್ಕೈದು ಫ್ಲೈಟ್ ಆದ ಮೇಲೆ ಪ್ಲಗ್ ಬಿಚ್ಚಿ ನೋಡಿ, ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ ಇದ್ದರೆ ಸರಿ. ಕಪ್ಪು ಮಸಿ ಆದರೆ ರಿಚ್, ಬಿಳಿ ಆದರೆ ಹಾರಿಸುವುದು ನಿಲ್ಲಿಸಿ.

ಹೊಲ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ದೂರ ಇದೆ ತಾನೇ? ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ (ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರಿ ಮ್ಯಾಪ್) ಹಸಿರು ಇದೆಯಾ ಒಮ್ಮೆ ನೋಡಿಬಿಡಿ.


ಹೊಲದ_ಪೈಲಟ್ (ಮೈಸೂರು)

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಹೊಲ ಹುಣಸೂರು ಕಡೆ, ಮ್ಯಾಪ್‌ನಲ್ಲಿ ಹಸಿರೇ.

ಹೊಸ ಟ್ಯಾಂಕ್, ಹಳದಿ ಪೈಪ್, ವೆಂಟ್‌ಗೆ ಕೆಂಪು ರಿಬ್ಬನ್. ಪರದೆ ಕಿಟ್ ಕೊನೆಗೆ ಸಿಕ್ಕಿದ್ದು ಸ್ಪ್ರೇಯರ್ ರಿಪೇರಿ ಮಾಡುವ ಒಬ್ಬ ಅಣ್ಣನ ಹತ್ತಿರ. ಹಳೆಯದು ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ "ಇದು ಪರದೆ ಅಲ್ಲ ಸಾರ್, ಹಪ್ಪಳ" ಅಂದರು. ಇಂಜಿನ್ ಏನಕ್ಕೆ ಅಂತ ಕೇಳಿದರು, ವಿಮಾನ ಅಂದೆ, ಅವರು ನಂಬಲಿಲ್ಲ, ಮುಂದಿನ ಭಾನುವಾರ ಮಗನನ್ನು ಕರೆದುಕೊಂಡು ಬಂದೇಬಿಟ್ಟರು. ಈಗ ಬಾಲ ಹಿಡಿಯಲು ಜನ ಸಿಕ್ಕಿದ ಹಾಗಾಯಿತು.

ಥ್ರಾಟಲ್ ಕಡ್ಡಿ ಕಬ್ಬಿಣದ್ದೇ ಇತ್ತು, ಬದಲಿಸಿದೆ. ಪ್ಲಗ್ ಕ್ಯಾಪ್ ಸಡಿಲ ಇತ್ತು, ಒತ್ತಿದರೆ ಟಕ್ ಅಂತ ಇನ್ನೂ ಎರಡು ಮಿಲಿಮೀಟರ್ ಒಳಗೆ ಹೋಯಿತು. ಸರ್ವೋ ಆಮೇಲೆ ನಡುಗಿಲ್ಲ. ಕಿಲ್ ಸ್ವಿಚ್ ಹಾಕಿದೆ, ಎಲ್‌ಇಡಿ ಕೂಡ.

ನೀಡಲ್ ಎಲ್ಲಿ ನಿಂತವು ಗೊತ್ತಾ? ಎಲ್ ಒಂದೂಕಾಲಿಗಿಂತ ಒಂಚೂರು ಜಾಸ್ತಿ, ಎಚ್ ಒಂದೂವರೆ. ಹತ್ತು ಹತ್ತು ನಿಮಿಷದ ಏಳು ಫ್ಲೈಟ್ ಆಗಿವೆ, ಒಂದು ಸಲವೂ ನಿಂತಿಲ್ಲ. ಹೊಲದ ಯಜಮಾನರು ಬಂದು ನೋಡಿ "ಈಗ ಪೆಟ್ರೋಲ್ ತುಂಬಿಸಿದ್ಯಾ" ಅಂದರು.

ಒಂದೇ ಒಂದು. ನಿನ್ನೆ ಇಳಿಸಿದ ಮೇಲೆ ನೋಡಿದರೆ ಮಫ್ಲರ್‌ನ ಒಂದು ಬೋಲ್ಟ್ ಇಲ್ಲ, ಇನ್ನೊಂದು ಕೈಯಲ್ಲೇ ತಿರುಗುತ್ತಿದೆ. ನೀಲಿ ಲಾಕ್‌ಟೈಟ್ ಹಾಕಿಯೇ ಬಿಗಿದಿದ್ದೆ.


ಕಡಲ_ಗಾಳಿ (ಉಡುಪಿ)

ಮಫ್ಲರ್ ಬಿಸಿಗೆ ನೀಲಿ ಲಾಕ್‌ಟೈಟ್ ನಿಲ್ಲುವುದಿಲ್ಲ ಮಾರಾಯ್ರೇ, ಕರಗಿ ಹೋಗ್ತದೆ. ಲಾಕ್ ವಾಷರ್ ಹಾಕಿ, ಇಂಜಿನ್ ಬಿಸಿ ಇರುವಾಗ ಇನ್ನೊಮ್ಮೆ ಬಿಗಿಯಿರಿ. ಅದಕ್ಕೂ ಜಗ್ಗದಿದ್ದರೆ ಬೋಲ್ಟ್ ತಲೆಗೆ ತೂತು ಕೊರೆದು ಎರಡನ್ನೂ ಸೇರಿಸಿ ತಂತಿ ಕಟ್ಟಿ. ಹಾಗೇ ಹಾರಿಸಬೇಡಿ, ಇನ್ನೊಂದೂ ಬಿದ್ದರೆ ಮಫ್ಲರ್ ಹುಡುಕಲು ಅದೇ ರಾಗಿ ಹೊಲಕ್ಕೆ ಹೋಗಬೇಕು.